ಮೂಲೆಯಿಂದ ಐವತ್ತು ಮೀಟರ್

ಐವತ್ತು ಮೀಟರ್ ಅಂದರೆ ಎಷ್ಟು ದೂರ ಅನ್ನೋದು ಈಗ ನಮ್ಮ ಮನೆಯಲ್ಲಿ ಅತ್ತೆಯವರಿಗೂ ಗೊತ್ತು. ಒಲಿಂಪಿಕ್ಸ್ ನೋಡುವವರಿಗೆ ಅದು ಈಜುಕೊಳದ ಉದ್ದ. ನಮ್ಮ ಪಾಲಿಗೆ, ಹೊಲಿಗೆ ಟೇಪನ್ನು ಮೂವತ್ಮೂರು ಸಲ ನೆಲಕ್ಕೆ ಹಾಸಿ ಮೇಲೊಂದು ಮೊಳ ಸೇರಿಸಿದರೆ ಬರುವ ಅಂತರ.

ಇಷ್ಟೆಲ್ಲ ಗಣಿತಕ್ಕೆ ಕಾರಣ ಒಂದು ಮೆಸೇಜು. ಮಲ್ಲೇಶ್ವರದ ಒಂದು ಕ್ರಾಸಿನಲ್ಲಿ ನನ್ನ ಕಾರು ಮೂಲೆಗೆ ತೀರಾ ಹತ್ತಿರ ನಿಂತಿತ್ತಂತೆ, ದಂಡ ಕಟ್ಟಬೇಕಂತೆ. ಮೊತ್ತ ನಮ್ಮ ಮನೆಯ ಒಂದು ವಾರದ ತರಕಾರಿ ಖರ್ಚು, ಬೀನ್ಸ್ ರೇಟು ಏರದಿದ್ದರೆ. ‘ಹಾಳಾಗಿ ಹೋಗಲಿ, ಕಟ್ಟಿಬಿಡಿ’ ಅನ್ನುವ ಹೆಂಡತಿ ಬೇರೆಯವರಿಗೆ ಸಿಗುತ್ತಾಳೆ. ನಮ್ಮಾಕೆ ಹುಳಿ ಬಡಿಸುತ್ತಲೇ ತೀರ್ಪು ಕೊಟ್ಟಳು: “ಈಗಲೇ ಕಟ್ಟಬೇಡಿ. ರಿಯಾಯಿತಿ ಬರುತ್ತೆ.”

ಅವಳ ಮಾತಿಗೆ ಆಧಾರವಿಲ್ಲದಿಲ್ಲ. 2023ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ಇದ್ದ ಸಂಚಾರ ದಂಡಕ್ಕೆ ಶೇ 50ರ ರಿಯಾಯಿತಿ ಕೊಟ್ಟಾಗ, ವರ್ಷಗಟ್ಟಲೆ ಪೊಲೀಸರ ಕಣ್ಣು ತಪ್ಪಿಸಿಕೊಂಡಿದ್ದವರೆಲ್ಲ ಸಾಲು ನಿಂತು ದಂಡ ಕಟ್ಟಿದರು. ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ ವಸೂಲಾಯಿತು. 2025ರಲ್ಲಿ ಮತ್ತೆ ಅದೇ ಕೊಡುಗೆ. ಅಂದಿನಿಂದ ನಮ್ಮಾಕೆಗೆ ಸಂಚಾರ ದಂಡವೂ ಆಷಾಢದ ಸೀರೆಯ ಹಾಗೆ; ಪೂರ್ತಿ ರೇಟು ಕೊಟ್ಟವರು ಬೆಪ್ಪುತಕ್ಕಡಿಗಳು.

ನನಗೆ ಬೇಕಾಗಿದ್ದು ರಿಯಾಯಿತಿಯಲ್ಲ, ನ್ಯಾಯ. ನಿವೃತ್ತನಾದ ಮೇಲೆ ನನ್ನ ಅಭಿಪ್ರಾಯವನ್ನು ಯಾರೂ ಲಿಖಿತವಾಗಿ ಕೇಳಿರಲಿಲ್ಲ. ಆಕ್ಷೇಪಣೆ ಇದ್ದರೆ ಸಲ್ಲಿಸಬಹುದು ಎಂಬ ಸಾಲು ಕಂಡದ್ದೇ ನನ್ನೊಳಗಿನ ವಕೀಲ ಎದ್ದು ಕೂತ. ಕನ್ನಡಕ ಒರೆಸಿಕೊಂಡು ಕಾನೂನು ಓದಿದೆ. 1989ರ ರಸ್ತೆ ನಿಯಮದಲ್ಲಿ, ರಸ್ತೆ ಕೂಡುವ ಕಡೆ ಅಥವಾ ಅದರ ಹತ್ತಿರ ವಾಹನ ನಿಲ್ಲಿಸಬಾರದು ಅಂತಿತ್ತು. ಎಷ್ಟು ಹತ್ತಿರ ಅನ್ನೋದು ಪೇದೆಯ ಮರ್ಜಿ. 2017ರಲ್ಲಿ ಹೊಸ ನಿಯಮ ಬಂದು ಲೆಕ್ಕ ಚುಕ್ತಾ ಮಾಡಿತು: ಕೂಡುರಸ್ತೆಯ ಅಂಚಿನಿಂದ ಐವತ್ತು ಮೀಟರ್. ಇಂಗ್ಲೆಂಡಿನವರು ಹತ್ತು ಮೀಟರ್‌ಗೆ ಸಮಾಧಾನಪಟ್ಟಿದ್ದಾರೆ, ಜರ್ಮನಿಯವರಿಗೆ ಐದು ಸಾಕು. ನಮಗೆ ಮಾತ್ರ ಐವತ್ತು! ಈ ಅನ್ಯಾಯವನ್ನು ಸ್ಟುಟ್‌ಗಾರ್ಟ್‌ನಲ್ಲಿರುವ ಮಗಳಿಗೆ ವಿಡಿಯೊ ಕರೆಯಲ್ಲಿ ವಿವರಿಸಿದೆ.

“ಅಪ್ಪಾ, ಇಲ್ಲಿ ಐದು ಅಂದ್ರೆ ಐದೇ. ನಾಲ್ಕೂ ಮುಕ್ಕಾಲಿಗೆ ನಿಲ್ಲಿಸಿದ್ರೂ ಚೀಟಿ ಸಿಕ್ಕಿಸಿ ಹೋಗ್ತಾರೆ. ಅದಿರಲಿ, ನೀವು ಎಷ್ಟು ದೂರದಲ್ಲಿ ನಿಲ್ಲಿಸಿದ್ರಿ?”

ಆ ಪ್ರಶ್ನೆಯ ಹೊತ್ತಿಗೆ ಸರಿಯಾಗಿ ನನ್ನ ಕಡೆ ನೆಟ್‌ವರ್ಕ್ ಕೈಕೊಟ್ಟಿತು.

ಮಾರನೆಯ ದಿನ ಬೆಳಿಗ್ಗೆ ಹೊಲಿಗೆ ಡಬ್ಬದಿಂದ ಟೇಪು ಎಗರಿಸಿಕೊಂಡು ಘಟನಾ ಸ್ಥಳಕ್ಕೆ ಹೋದೆ. ಒಂದು ತುದಿ ಹಿಡಿಯಲು ಮೂಲೆಯ ಹೂವಿನಾಕೆಯನ್ನು ಒಪ್ಪಿಸಿದೆ. ಮೊಳ ಹಾಕಿ ಪಳಗಿದ ಕೈ, ಟೇಪು ಒಂದಿಷ್ಟೂ ಸಡಿಲ ಬಿಡಲಿಲ್ಲ. ನಾನು ಬಗ್ಗುವುದು, ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಸೊಂಟ ಹಿಡಿದುಕೊಂಡು ಏಳುವುದು. ಮೂರನೇ ಗೆರೆಗೇ ರಸ್ತೆ ಎಚ್ಚೆತ್ತುಕೊಂಡಿತು.

“ಏನ್ ಸಾರ್, ಅಗಲೀಕರಣಾನಾ?”

ಅಲ್ಲ ಅಂದೆ. ನಂಬುವವರು ಯಾರು? ಗೆರೆ ತಮ್ಮ ಕಾಂಪೌಂಡಿನ ಬಳಿ ಬಂತೆಂದು ಒಬ್ಬ ಹಿರಿಯರು ಒಳಗೋಡಿ ಹೋಗಿ ಕಾಫಿ ತಂದರು. ಲೋಟ ಕೈಗಿಟ್ಟು, “ಆ ಕಡೆಯವರು ಎರಡಡಿ ಒತ್ತುವರಿ ಮಾಡಿದಾರೆ, ಅಲ್ಲಿ ಅಳೀರಿ” ಎಂದು ಕಿವಿಯಲ್ಲಿ ಉಸುರಿದರು. ಕಾಫಿ ಚೆನ್ನಾಗಿತ್ತು, ಆ ಕಡೆಯೂ ಅಳೆದೆ.

ಅಳತೆ ಮುಗಿದಾಗ ನನಗೆ ಕುಣಿದಾಡುವಷ್ಟು ಖುಷಿ. ಎರಡು ಕ್ರಾಸುಗಳ ನಡುವೆ ಇರುವುದೇ ತೊಂಬತ್ತಾರು ಮೀಟರ್! ಈ ಮೂಲೆಯಿಂದ ಐವತ್ತು, ಆ ಮೂಲೆಯಿಂದ ಐವತ್ತು ಬಿಟ್ಟರೆ ಕಾನೂನುಬದ್ಧವಾಗಿ ನಿಲ್ಲಿಸಲು ಉಳಿಯುವ ಜಾಗ ಮೈನಸ್ ನಾಲ್ಕು ಮೀಟರ್. ತೆರಿಗೆ ಉಳಿಸಲು ಕಂಪನಿಗಳು ಸಣ್ಣ ಕಾರುಗಳನ್ನು ನಾಲ್ಕು ಮೀಟರ್‌ಗಿಂತ ಚೂರು ಗಿಡ್ಡವಾಗಿ ಮಾಡುತ್ತವಲ್ಲ, ನನ್ನದೂ ಅಂಥದ್ದೇ. ಅಂದರೆ ಆ ರಸ್ತೆಯಲ್ಲಿ ಸರಿಯಾಗಿ ನನ್ನ ಕಾರಿನಷ್ಟೇ ಜಾಗ ಇಲ್ಲ! ಮಲ್ಲೇಶ್ವರ 1898ರ ಪ್ಲೇಗಿನ ಹೊತ್ತಿಗೆ, ಪೇಟೆಯ ಇಕ್ಕಟ್ಟಿನಿಂದ ಹೊರಬಂದವರಿಗಾಗಿ ಮೇಲೆದ್ದ ಬಡಾವಣೆ. ಗಾಳಿ ಬೆಳಕು ಓಡಾಡಲೆಂದು ಸಾಲುಸಾಲಾಗಿ ಕ್ರಾಸು ಹಾಕಿದರು. ಅಷ್ಟೊಂದು ಕ್ರಾಸು ಹಾಕಿದರೆ ಅಷ್ಟೊಂದು ಮೂಲೆ ಹುಟ್ಟುತ್ತದೆಂದು ಅವರಿಗೆ ಹೇಳುವವರಿರಲಿಲ್ಲ. ಇಲಿಗೆ ಹೆದರಿ ಮಾಡಿದ ರಸ್ತೆಗೆ ನಾನ್ಯಾಕೆ ದಂಡ ಕಟ್ಟಬೇಕು? ಈ ವಾಕ್ಯವನ್ನು ಆಕ್ಷೇಪಣೆಯ ಕೊನೆಗೆ ಇಡುವುದೆಂದು ಅಲ್ಲೇ ತೀರ್ಮಾನಿಸಿದೆ.

ಟೇಪು ಸುತ್ತಿಕೊಡುತ್ತ ಹೂವಿನಾಕೆ ಅಂದಳು: “ಮೂಲೇಲಿ ಕಾರು ನಿಂತ್ರೆ ತಿರುಗಿಸ್ಕೊಂಡು ಬರೋ ಸ್ಕೂಟರ್ರು ನಂಗೆ ಕಾಣಾಕಿಲ್ಲ ಸಾರ್. ಬುಟ್ಟಿ ಹೊತ್ಕೊಂಡು ರೋಡಿಗೆ ಇಳಿದ ಮ್ಯಾಲೇ ಗೊತ್ತಾಗೋದು. ಸ್ಕೂಲ್ ಮಕ್ಳಿಗೂ ಅಷ್ಟೇಯ.”

ಈ ಸಾಕ್ಷ್ಯ ನನ್ನ ವಾದಕ್ಕೆ ಅನುಕೂಲವಾಗಿರಲಿಲ್ಲವಾದ್ದರಿಂದ ಬರೆದುಕೊಳ್ಳಲಿಲ್ಲ.

ನಕ್ಷೆ, ಅಳತೆಯ ಪಟ್ಟಿ, ನಾಲ್ಕು ಪುಟದ ಆಕ್ಷೇಪಣೆ ಸಿದ್ಧವಾದವು. ಜೆರಾಕ್ಸಿಗೇ ದಂಡದ ಕಾಲುಭಾಗ ಹೋಯಿತು. ಮೂಗಿಗಿಂತ ಮೂಗುತಿ ಭಾರ ಎಂದು ಅತ್ತೆಯವರು ಗೋಡೆಯ ಕಡೆ ತಿರುಗಿ ಹೇಳಿದರು. ಠಾಣೆಗೆ ಹೊರಟಾಗ ನಮ್ಮಾಕೆಯೂ ಸೀರೆ ಬದಲಾಯಿಸಿ ಬಂದಳು. ನನ್ನ ವಾದ ಕೇಳಲಿಕ್ಕಲ್ಲ, ಮುಂದಿನ ರಿಯಾಯಿತಿ ಯಾವಾಗ ಎಂದು ವಿಚಾರಿಸಲಿಕ್ಕೆ.

ಅಲ್ಲಿದ್ದ ಎಎಸ್‌ಐ ಸಂಭಾವಿತರು. ಪ್ಲೇಗಿನವರೆಗೂ ಅಡ್ಡ ಮಾತಾಡದೆ ಕೇಳಿಸಿಕೊಂಡರು. ಆಮೇಲೆ, “ಫೋಟೊ ಒಂದ್ಸಲ ನೋಡಿಬಿಡೋಣ ಸಾರ್” ಎಂದು ಕಂಪ್ಯೂಟರಿನ ಪರದೆ ನಮ್ಮ ಕಡೆ ತಿರುಗಿಸಿದರು. ನಾನು ಆ ಫೋಟೊವನ್ನು ಮೊಬೈಲಿನಲ್ಲಿ ನೋಡಿದ್ದೆ. ಅಲ್ಲಿ ನಂಬರ್ ಪ್ಲೇಟು ಬಿಟ್ಟರೆ ಮಿಕ್ಕಿದ್ದೆಲ್ಲ ಇರುವೆ ಸೈಜು. ಇಲ್ಲಿ ಪರದೆ ದೊಡ್ಡದು, ಎಎಸ್‌ಐ ಕೈಯಲ್ಲಿ ಮೌಸು ಬೇರೆ. ಕಾರಿನ ಮೂತಿ, ತಿರುವಿನ ಕಲ್ಲು, ಎರಡರ ನಡುವೆ ಬಾಗಿಲು ತೆರೆಯುವಷ್ಟು ಸಂದು. “ಐವತ್ತು ಬೇಡ ಸಾರ್, ನಿಮ್ಮ ಜರ್ಮನಿಯ ಐದಾದ್ರೂ ಇದೆಯಾ ಹೇಳಿ” ಅಂದರು.

ನಮ್ಮಾಕೆ ಕಾರನ್ನು ನೋಡುತ್ತಿರಲಿಲ್ಲ. ಕಾರಿನ ಹಿಂದೆ ಒಂದು ದರ್ಶಿನಿ, ದರ್ಶಿನಿಯ ಮುಂದೆ ಸ್ಟೀಲಿನ ಟೇಬಲ್ಲು, ಟೇಬಲ್ಲಿನ ಮುಂದೆ ವಾಕಿಂಗ್ ಶೂ ಹಾಕಿಕೊಂಡ ಒಬ್ಬ ಮಹಾಶಯ.

“ಸ್ವಲ್ಪ ದೊಡ್ಡದು ಮಾಡಿ” ಅಂದಳು.

ಎಎಸ್‌ಐ ದೊಡ್ಡದು ಮಾಡಿದರು. ತಟ್ಟೆಯಲ್ಲಿ ಎರಡು ಉದ್ದಿನವಡೆ, ಸಾಂಬಾರಿನಲ್ಲಿ ಮುಳುಗಿದ್ದು. ಪಕ್ಕದಲ್ಲಿ ಕೇಸರಿಬಾತು. ಅದರ ಮೇಲಿನ ದ್ರಾಕ್ಷಿ ಸಮೇತ ಕಾಣುತ್ತಿತ್ತು. ಸರ್ಕಾರಿ ಕ್ಯಾಮೆರಾಕ್ಕೆ ಇಷ್ಟು ಒಳ್ಳೆಯ ಲೆನ್ಸು ಯಾಕೆ ಬೇಕೋ. ಮೂಲೆಯಲ್ಲಿ ಬೆಳಗಿನ ಏಳು ಗಂಟೆಯ ಸಮಯ. ಡಾಕ್ಟರು ಸಕ್ಕರೆ ನೋಡಿ ನಡೆಯಲು ಹೇಳಿದ್ದ ಹೊತ್ತು. ನಾನು ‘ಪಾರ್ಕು ದೂರ, ಅಲ್ಲೀತನಕ ಕಾರಲ್ಲಿ ಹೋಗ್ತೀನಿ’ ಎಂದು ಮನೆಯಲ್ಲಿ ಹೇಳಿ ಹೊರಡುತ್ತಿದ್ದ ಹೊತ್ತು.

“ಆಕ್ಷೇಪಣೆ ಕೊಡ್ತೀರಾ ಸಾರ್?” ಎಎಸ್‌ಐ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ನಮ್ಮಾಕೆ ಪರ್ಸು ತೆರೆದಿದ್ದಳು. “ಯಾವ ಆಕ್ಷೇಪಣೆಯೂ ಇಲ್ಲ. ಪೂರ್ತಿ ತಗೊಳ್ಳಿ. ಇಂಥ ಫೋಟೊಗೆ ರಿಯಾಯಿತಿ ಕೇಳಬಾರದು. ಒಂದು ಪ್ರಿಂಟು ಸಿಗುತ್ತಾ?”

ಪ್ರಿಂಟು ಈಗ ಫ್ರಿಜ್ಜಿನ ಬಾಗಿಲ ಮೇಲಿದೆ. ಕಾರಿನ ಕೀಲಿ ಅವಳ ವಶ. ಬೆಳಿಗ್ಗೆ ನಾನು ನಡೆದೇ ಹೋಗುತ್ತೇನೆ. ಹಾಗೆಂದು 2017ರ ನಿಯಮಗಳ ಅಧ್ಯಯನ ಬಿಟ್ಟಿಲ್ಲ. ಪುಟಪುಟ ಓದಿದ್ದೇನೆ. ಕಾರು ನಿಲ್ಲಿಸುವುದರ ಬಗ್ಗೆ ಬೇಕಾದಷ್ಟಿದೆ. ತಟ್ಟೆ ಹಿಡಿದುಕೊಂಡ ಮನುಷ್ಯ ಮೂಲೆಯಿಂದ ಎಷ್ಟು ದೂರ ನಿಲ್ಲಬೇಕೆಂದು ಎಲ್ಲೂ ಹೇಳಿಲ್ಲ.