ನಾಳೆ ಫಸ್ಟ್ ಕೋಟ್

ಹೊಸಪೇಟೆಯಲ್ಲಿ ಪೇಂಟರ್ ಯಾರು, ಪೇಂಟಿಂಗ್ ಕಂಟ್ರಾಕ್ಟರ್ ಯಾರು ಅಂತ ಗುರುತಿಸೋದು ಬಹಳ ಸುಲಭ. ಅಂಗಿಯ ಮೇಲೆ ಬಣ್ಣದ ಹನಿ ಇದ್ದರೆ ಪೇಂಟರ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಶೇಡ್ ಕಾರ್ಡು ಇದ್ದರೆ ಕಂಟ್ರಾಕ್ಟರ್.

ನಮ್ಮ ಕಂಟ್ರಾಕ್ಟರು ಮೊದಲ ದಿನ ಬಂದವರೇ ನಮಸ್ಕಾರಕ್ಕೂ ಮೊದಲು ಹಾಲಿನ ಗೋಡೆ ತಟ್ಟಿದರು. ಕಿವಿಗೊಟ್ಟು ಕೇಳಿದರು. ಆಮೇಲೆ ಬೈಕಿನ ಕೀಲಿಯಿಂದ ಒಂದು ಕಡೆ ಕೆರೆದರು. ಅಂಗೈಯಗಲದ ಬಣ್ಣ ಕಿತ್ತು ಕೆಳಗೆ ಬಿತ್ತು.

"ಹಿಂದ ಯಾರು ಮಾಡಿದ್ರಿ ಸಾರ್ ಇದನ್ನ?"

ಈ ಪ್ರಶ್ನೆ ಕೇಳದ ಕಂಟ್ರಾಕ್ಟರ್ ಬಳ್ಳಾರಿ, ವಿಜಯನಗರ ಎರಡೂ ಜಿಲ್ಲೆಗಳಲ್ಲಿ ಸಿಗುವುದಿಲ್ಲ. ಉತ್ತರ ಹೇಳಿದರೆ "ಪಾಪ, ಒಳ್ಳೇ ಮನುಷ್ಯಾನ, ಆದ್ರ ಪ್ರೈಮರ್ ಹೊಡಿಯಂಗಿಲ್ಲ" ಎನ್ನುತ್ತಾರೆ. ಅವರು ಬರುವ ತನಕ ಗೋಡೆಯಲ್ಲಿ ತೂತಿರಲಿಲ್ಲ. ಈಗ ಇದೆ. ಇನ್ನು ಅವರನ್ನು ಬೇಡ ಅನ್ನುವ ಹಾಗಿಲ್ಲ.

ಅಳತೆಗೆ ಟೇಪಿನ ಒಂದು ತುದಿ ನಮ್ಮ ಹುಡುಗನೇ ಹಿಡಿಯಬೇಕು. ನೆಲದ ಅಳತೆಗೆ ಮೂರೂವರೆ ಪಟ್ಟು ಹಿಡಿದರೆ ಗೋಡೆ, ಚಾವಣಿ ಎಲ್ಲಾ ಸೇರಿ ಸುಮಾರಾಗಿ ಸರಿಹೋಗುತ್ತದೆ ಎನ್ನುವುದು ಎಲ್ಲ ಕಡೆ ನಡೆಯುವ ಲೆಕ್ಕ. ಸಾವಿರ ಚದರಡಿ ಮನೆಗೆ 3,500. ಇದರಲ್ಲಿ ತಕರಾರಿಲ್ಲ. ತಕರಾರು ಶುರುವಾಗುವುದು ಬಾಗಿಲಲ್ಲಿ.

"ಬಾಗ್ಲಾ ಕಳಿಯಂಗಿಲ್ರಿ. ಬಾಗ್ಲದ ಅಂಚು ಹಿಡಿಯೋದ ದೊಡ್ಡ ಕೆಲಸ."

ಹೋಗಲಿ ಬಿಡಿ ಅಂದುಕೊಂಡರೆ, ಮುಂದಿನ ಸಾಲಿನಲ್ಲೇ "ಬಾಗಿಲು, ಆಯಿಲ್ ಪೇಂಟ್, ಬೇರೆ" ಎಂದು ಬರೆದಿರುತ್ತಾರೆ. ಅಂದರೆ ಒಂದೇ ಬಾಗಿಲು ಗೋಡೆಯಾಗಿ ಒಮ್ಮೆ, ಬಾಗಿಲಾಗಿ ಇನ್ನೊಮ್ಮೆ ಲೆಕ್ಕಕ್ಕೆ ಬರುತ್ತದೆ.

ಬಣ್ಣ ಆರಿಸುವ ಮಾತು ಬಂದಾಗ ಮಾತ್ರ ಅವರು ತತ್ವಜ್ಞಾನಿ. ಸಂಡೂರಿನಲ್ಲಿ ಅದಿರಿನ ಲಾರಿಗಳು ಹಗಲುರಾತ್ರಿ ಓಡುತ್ತಿದ್ದ ದಿನಗಳಲ್ಲಿ ಅವರು ಕೈತುಂಬ ಕೆಲಸ ಮಾಡಿದವರು. ದಸರಾಕ್ಕೆ ಹಾಲಿನ ಬಣ್ಣ ಹೊಡೆಸಿದ ಮನೆ ಯುಗಾದಿ ಹೊತ್ತಿಗೆ ಚಹಾದ ಬಣ್ಣಕ್ಕೆ ಬರುತ್ತಿತ್ತಂತೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಇಡೀ ಸೀಮೆ ಗಣಿಯವರ ಬಗ್ಗೆ ಮಾತಾಡುತ್ತಿದ್ದರೆ, ಇವರದು ಬೇರೆಯೇ ದುಃಖ: "ಧೂಳು ನಿಂತ್ರ ನಮ್ಮ ಕೈ ನಿಂತಂಗ್ರಿ." ಆಮೇಲೆ ಗಣಿಗಾರಿಕೆ ಮತ್ತೆ ಶುರುವಾಯಿತು, ಧೂಳೂ ಬಂತು, ಇವರ ಮುಖದಲ್ಲಿ ಕಳೆಯೂ ಬಂತು. ಈಗ ಸಂಡೂರಿನವರಿಗೆ ಅವರ ಸಲಹೆ ಒಂದೇ: "ಹೆಂಗಿದ್ರೂ ಕೆಂಪಾಗ್ತೈತಿ. ಕೊನೀಗೆ ಆಗೋ ಬಣ್ಣಾನ ಈಗ ಹೊಡಿಸಿಬಿಡ್ರಿ."

ಕಂಪನಿ ಯಾವುದಾಗಬೇಕು ಎನ್ನುವುದರಲ್ಲಿ ಮಾತ್ರ ನಮ್ಮ ಮಾತು ನಡೆಯುವುದಿಲ್ಲ. ಕಾರಣ ಬಕೆಟ್ಟಿನೊಳಗಿದೆ. ಬಣ್ಣದ ಕಂಪನಿಗಳು ಪೇಂಟರುಗಳನ್ನು ಒಲಿಸಿಕೊಳ್ಳಲು ಡಬ್ಬಿಯಲ್ಲಿ ಟೋಕನ್ ಇಡುವ ಪದ್ಧತಿ ಹಳೆಯದು. ಈಗೀಗ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವುದೂ ಬಂದಿದೆ. ಒಂದು ವಾರ ಫೋನಿಗೇ ಸಿಗದ ಮನುಷ್ಯ, ಇಪ್ಪತ್ತು ಲೀಟರಿನ ಬಕೆಟ್ ಅಂಗಡಿಯಿಂದ ಇಳಿದ ಗಳಿಗೆಗೆ ಸರಿಯಾಗಿ ಬಾಗಿಲಲ್ಲಿ ನಿಂತಿದ್ದರು. ತೋಳು ಮೇಲಕ್ಕೆ ಮಡಿಸಿದರು. ಸ್ಕ್ರೂಡ್ರೈವರ್ ತುದಿಯಿಂದ ಮುಚ್ಚಳದ ಅಂಚನ್ನು ಸುತ್ತಲೂ ಎಬ್ಬಿಸಿ, ಒಳಗಿನ ಟೋಕನ್ನು ಎರಡು ಬೆರಳಲ್ಲಿ ಎತ್ತಿ, ನಮ್ಮ ನೆಲ ಒರೆಸುವ ಬಟ್ಟೆಯಲ್ಲೇ ಒರೆಸಿ, ಕಣ್ಣಿಗೆ ಒತ್ತಿಕೊಂಡು ಜೇಬಿಗೆ ಹಾಕಿಕೊಂಡರು. "ನಾಳೆ ಫಸ್ಟ್ ಕೋಟ್ ಸಾರ್" ಎಂದು ಬೈಕ್ ಹತ್ತಿದರು. ಆ ಬಿಳಿ ಅಂಗಿಗೆ ಬಣ್ಣ ತಾಗುವ ಅಪಾಯ ಇದ್ದದ್ದು ಅದೊಂದೇ ನಿಮಿಷ.

ಕೆಲಸ ಮಾಡುವವರು ಬೇರೆ. ಇಬ್ಬರು ಹುಡುಗರು, ಒಬ್ಬ ತಾತ. ತಾತ ಮಾತಾಡಿದ್ದು ನಾನು ಕೇಳಿಲ್ಲ. ಆದರೆ ಚಾವಣಿಯೂ ಗೋಡೆಯೂ ಕೂಡುವ ಕಡೆ, ಟೇಪಿಲ್ಲ, ದಾರವಿಲ್ಲ, ಬರಿಗೈಲಿ ಬ್ರಷ್ ಎಳೆದರೆ ಗೆರೆ ಎಲ್ಲೂ ಒಂದು ಕೂದಲಷ್ಟು ಆಚೀಚೆ ಆಗಲಿಲ್ಲ. ಅವರಿಗೆ ದಿನಗೂಲಿ, ಮಧ್ಯಾಹ್ನ ಒಗ್ಗರಣೆ ಮಿರ್ಚಿ. ಟೋಕನ್ ಇಲ್ಲ.

ಇನ್ನು ರಜೆಯ ಪಟ್ಟಿ. ಅಮಾಸಿ ದಿನ ಈ ಕಡೆ ಯಾರೂ ಕೆಲಸ ಮುಟ್ಟುವುದಿಲ್ಲ, ಸರಿ. ಹುಣ್ಣಿಮೆಗೆ ಹುಲಿಗೆಮ್ಮ. ಶಿವರಾತ್ರಿ ಆಚೀಚೆ ಮೈಲಾರದ ಕಾರಣಿಕ, ಕೊಟ್ಟೂರಿನ ತೇರು. ಚೈತ್ರಕ್ಕೆ ಹಂಪಿ ತೇರು. ಮೊಹರಂ ಬಂದರೆ ಅಲಾಯಿ. ಹಂಪಿ ಉತ್ಸವ ಬಂದರೆ "ಸರ್ಕಾರಿ ಕೆಲಸ ಸಾರ್, ಬಿಡಂಗಿಲ್ಲ." ಎಲ್ಲ ದೇವರಿಗೂ ಸಮನಾಗಿ ನಡೆದುಕೊಳ್ಳುವ ಇಂಥ ಮನುಷ್ಯನ ಮೇಲೆ ಸಿಟ್ಟಾಗುವುದು ಹೇಗೆ?

ಆದರೂ ನಾನೊಮ್ಮೆ ಸಿಟ್ಟಾದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತಲ್ಲ, ಆ ವಾರವೇ ನಮ್ಮ ಮನೆಯ ಗೇಟಿಗೆ ರೆಡ್ ಆಕ್ಸೈಡ್ ಬಿದ್ದಿತ್ತು. ಅಲ್ಲಿ ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು, ಭೋರ್ಗರೆಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ, ಒಂದು ವಾರದಲ್ಲಿ ನೀರು ತಡೆದರು. ಇಲ್ಲಿ ಬನ್ನಿ ಹಬ್ಬ ಕಳೆದರೂ ಗೇಟು ಕೆಂಪಗೇ ನಿಂತಿತ್ತು. ಡ್ಯಾಮಿಗೆ 33 ಗೇಟು, ನಮ್ಮದು ಒಂದೇ ಒಂದು, ಅದೂ ಮೂರಡಿಯದ್ದು ಎಂದು ಫೋನಿನಲ್ಲಿ ಕೂಗಾಡಿದೆ. ಆ ಕಡೆಯಿಂದ ಬಂದ ದನಿ ತಣ್ಣಗಿತ್ತು. "ಅಲ್ರಿ ಸಾರ್, ಅವ್ರು ಮಾಡಿದ್ದು ನೀರಾಗ. ಒಣಗೋ ಚಿಂತಿ ಇಲ್ಲ. ನಮ್ದು ಹಂಗಲ್ಲ."

ಅವರ ವಿದ್ವತ್ತು ಪೂರಾ ತೆರೆದುಕೊಂಡದ್ದು ವಿರೂಪಾಕ್ಷನ ಗುಡಿಯ ಮಾತು ಬಂದಾಗ. ರಂಗಮಂಟಪ ಕೃಷ್ಣದೇವರಾಯ ಪಟ್ಟಕ್ಕೆ ಬಂದ ಸಂದರ್ಭದಲ್ಲಿ ಕಟ್ಟಿಸಿದ್ದು, ಅದಕ್ಕೆ ಶಾಸನವಿದೆ. ಅದರ ಚಾವಣಿಯ ಗಿರಿಜಾಕಲ್ಯಾಣ, ಮತ್ಸ್ಯಯಂತ್ರ, ವಿದ್ಯಾರಣ್ಯರ ಮೆರವಣಿಗೆ ಇವೆಲ್ಲ ವಿಜಯನಗರದ ಕಾಲದವೇ, ಇಲ್ಲ ಎಷ್ಟೋ ಕಾಲದ ಮೇಲೆ ಮತ್ತೆ ಬರೆದದ್ದೇ ಎಂದು ವಿದ್ವಾಂಸರು ಇನ್ನೂ ಚರ್ಚೆ ಮಾಡುತ್ತಿದ್ದಾರೆ ಎಂದೆ. ಕಂಟ್ರಾಕ್ಟರು ನಕ್ಕರು.

"ಅದರಾಗ ಚರ್ಚೆ ಏನೈತ್ರಿ? ಫಸ್ಟ್ ಕೋಟ್ ರಾಯರದು, ಸೆಕೆಂಡ್ ಕೋಟ್ ಆಮ್ಯಾಲಿನವ್ರದು. ಆದ್ರ ಒಳಗಿನ ಗಾರೆ ನೋಡ್ರಿ! ತಳ ಗಟ್ಟಿ ಇದ್ದಿದ್ದಕ್ಕ ಇವತ್ತಿಗೂ ನಿಂತೈತಿ." ಹೀಗೆಂದು ನಮ್ಮ ಎಸ್ಟಿಮೇಟಿನಲ್ಲಿ ಪುಟ್ಟಿ ಎರಡು ಚೀಲ ಹೆಚ್ಚಿಗೆ ಬರೆದರು. ರಾಯರ ಹೆಸರು ಬಂದ ಮೇಲೆ ಚೌಕಾಸಿ ಮಾಡುವುದು ಚೆನ್ನಾಗಿರುವುದಿಲ್ಲ ಎಂದು ಸುಮ್ಮನಾದೆ.

ಕೊನೆಗೂ ಕೆಲಸ ಮುಗಿಯಿತು. ಉಳಿದ ಬಣ್ಣ ಎಲ್ಲಿ ಎಂದರೆ "ಗ್ವಾಡಿ ಬಾಳ ಕುಡೀತ್ರಿ" ಅಂದರು. ಹಾಲಿನ ತಿಳಿ ಬಾದಾಮಿ ಬಣ್ಣ ಹೆಂಡತಿ ಮೂರು ಶೇಡ್ ಬೆರೆಸಿ ತಾನೇ ಮಾಡಿಸಿದ್ದು.

ಮೊನ್ನೆ ಕಂಪ್ಲಿಯಲ್ಲಿ ನೆಂಟರ ಗೃಹಪ್ರವೇಶ. ಊಟವಾಗಿ ಕೈ ತೊಳೆಯಲು ಹಿತ್ತಲಿಗೆ ಹೋದರೆ ಬಚ್ಚಲಮನೆಯ ನಾಲ್ಕೂ ಗೋಡೆ ನಮ್ಮ ಹಾಲಿನ ಬಣ್ಣದಲ್ಲಿ ನಿಂತಿವೆ. ಮನೆಯೊಡತಿ ಹೆಮ್ಮೆಯಿಂದ ಹೇಳಿದರು: "ಕಾರ್ಡಿನಾಗ ಇರೋ ಬಣ್ಣ ಅಲ್ರಿ ಅಕ್ಕಾ ಇದು. ಹೊಸಪೇಟ್ಯಾಗ ಒಬ್ರ ಮನಿಯಾಗ ಮಾತ್ರ ಐತಂತ. ಆ ಅಮ್ಮಾರು ಬಾಳ ಟೇಸ್ಟಿನವ್ರಂತ, ಕಂಟ್ರಾಕ್ಟರ್ ಹೇಳಿದ್ರು."

ನನ್ನ ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಪಕ್ಕದಲ್ಲಿದ್ದ ಇಬ್ಬರಿಗೆ ಅವರ ನಂಬರ್ ಬರೆಸುತ್ತಿದ್ದಳು.