ಮನಿಪ್ಲಾಂಟೂ ಮಾರ್ಜಾಲವೂ

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಕಟ್ಟಿದವರು ಆಡುಸೋಗೆಯ ಬೇಲಿ ನೋಡಿರಲಿಲ್ಲವೋ ಏನೋ. ಎಂಥ ಹಸಿದ ಆಡೂ ಅದನ್ನು ಮೂಸಿ, ಮೂತಿ ತಿರುಗಿಸಿ ಮುಂದಕ್ಕೆ ಹೋಗುತ್ತದೆ. ಕಣಗಿಲೆ, ಎಕ್ಕ, ದತ್ತೂರಿಗಳು ಬೇಲಿಯಲ್ಲೇ ಬೆಳೆಯುತ್ತಿದ್ದ ಊರುಗಳಲ್ಲಿ ದನಕರುಗಳೂ ಬಹುಮಟ್ಟಿಗೆ ಹೀಗೇ ಬದುಕಿಕೊಂಡವು. ಮೇಯಲು ಬೇರೆ ಬೇಕಾದಷ್ಟಿತ್ತು. ಕಹಿ ಕಂಡರೆ ದೂರ ಹೋಗಲು ಜಾಗವೂ ಇತ್ತು.

ನಮ್ಮ ಮನೆಯ ಬೆಕ್ಕು ಕೆಂಚಿಗೆ ಈ ಎರಡೂ ಇಲ್ಲ. ಎರಡು ಬೆಡ್‌ರೂಮಿನ ಫ್ಲ್ಯಾಟೇ ಅವಳ ಕಾಡು, ಟೀವಿ ಪಕ್ಕದ ಮನಿಪ್ಲಾಂಟೇ ಅವಳ ಬೇಟೆ. ಫ್ಯಾನು ಹಾಕಿದರೆ ಎಲೆ ತಲೆಯಾಡಿಸುತ್ತದೆ. ಕೆಂಚಿ ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಹಿಂಭಾಗವನ್ನಷ್ಟೇ ಅಲುಗಿಸುತ್ತ ಹೊಂಚು ಹಾಕಿ, ಹಾರಿ ಕಚ್ಚುತ್ತಾಳೆ. ಮರುಕ್ಷಣವೇ ಮುಂಗಾಲಿನಿಂದ ಮೂತಿ ಉಜ್ಜಿಕೊಂಡು, ಜೊಲ್ಲು ಸುರಿಸುತ್ತ, ಇದೆಲ್ಲ ನನ್ನದೇ ಪಿತೂರಿ ಎಂಬಂತೆ ನನ್ನನ್ನು ದುರುಗುಟ್ಟಿ ನೋಡುತ್ತಾಳೆ.

"ನಮ್ಮನೆ ಬೆಕ್ಕು ಇಲಿ ಹಿಡೀತಿತ್ತು ಮಾರಾಯ, ನಿಮ್ಮದು ಸೊಪ್ಪು ಮೇಯ್ತದಲ್ಲ!" ಎಂದು ತೀರ್ಥಹಳ್ಳಿಯಿಂದ ಬಂದಿದ್ದ ಸೋದರತ್ತೆ ನಕ್ಕರು. ಎಲೆಯನ್ನೊಮ್ಮೆ ನೋಡಿ, "ಕೆಸುವಿನ ಜಾತಿ, ತುರಿಸದೆ ಇರ್ತದಾ?" ಎಂದು ತೀರ್ಪನ್ನೂ ಕೊಟ್ಟರು. ಸಸ್ಯಶಾಸ್ತ್ರ ಅವರ ಪರವಾಗಿಯೇ ಇದೆ. ಮನಿಪ್ಲಾಂಟು, ಡಿಫೆನ್‌ಬೇಕಿಯ, ಮಾನ್‌ಸ್ಟೆರ, ಫಿಲೊಡೆಂಡ್ರಾನ್, ಎಲ್ಲದರ ಕುಲವೂ ಕೆಸುವಿನದೇ. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿದ್ದು, ಕಚ್ಚಿದ ಬಾಯಿಗೆ ನಾಟಿಕೊಳ್ಳುತ್ತವೆ. ಪತ್ರೊಡೆಗಾದರೆ ನಾವು ಹುಣಿಸೆಹಣ್ಣು ಹಾಕಿ ತುರಿಕೆ ಅಡಗಿಸುತ್ತೇವೆ. ಬೆಕ್ಕಿಗೆ ಯಾರು ಹುಳಿ ರುಬ್ಬಿ ಕೊಡುತ್ತಾರೆ? ಆದರೂ ಈ ಉರಿಯಿಂದ ಜೀವ ಹೋಗುವುದು ಅಪರೂಪ. ಓಡಿಹೋಗಲು ಕಾಲಿಲ್ಲದ ಗಿಡ ನಿಂತಲ್ಲೇ ಗದರಿಸುವ ರೀತಿಯದು.

ಗದರಿಸದೆ ಕೊಲ್ಲುವ ಗಿಡಗಳ ಬಗ್ಗೆಯೇ ಹೆಚ್ಚು ಹೆದರಬೇಕು. ಗೃಹಪ್ರವೇಶದ ಹೂಗುಚ್ಛದಲ್ಲಿ ಬರುವ ಲಿಲ್ಲಿ ನೋಡಲು ಪರಮಸಾಧು. ಅದರ ಪರಾಗ ಮೈಗೆ ಮೆತ್ತಿ, ಬೆಕ್ಕು ನೆಕ್ಕಿಕೊಂಡರೂ ಸಾಕು, ಹೂದಾನಿಯ ನೀರು ಕುಡಿದರೂ ಸಾಕು, ಎರಡು ಮೂರು ದಿನದಲ್ಲಿ ಮೂತ್ರಪಿಂಡ ಕೈಕೊಡಬಹುದು. ಬೆಳಗಾಗಲಿ ನೋಡೋಣ ಎನ್ನದೆ ಆಗಲೇ ಪಶುವೈದ್ಯರಲ್ಲಿಗೆ ಓಡಬೇಕು. ಪೀಸ್ ಲಿಲ್ಲಿ ಮಾತ್ರ ಬೇರೆ. ಅದೂ ಕೆಸುವಿನ ನೆಂಟನೇ, ಬಾಯಿ ಉರಿಸಿ ಬಿಡುತ್ತದೆ.

ನಾಯಿಯ ಕಷ್ಟವೇ ಬೇರೆ. ಅಪಾರ್ಟ್‌ಮೆಂಟಿನ ಗೇಟಿನ ಎರಡೂ ಬದಿಗೆ ದ್ವಾರಪಾಲಕರಾಗಿ ನಿಲ್ಲಿಸುವ ಸೈಕಸ್ ಗಿಡದ ಬೀಜ ತಿಂದರೆ ಅದರ ಪಿತ್ತಜನಕಾಂಗವೇ ಹಾಳು. ಇನ್ನು ಗೊಬ್ಬರವೆಂದರೆ ಗಿಡಕ್ಕಿಂತ ಹೆಚ್ಚು ಇಷ್ಟ. ಗುಲಾಬಿ ಬುಡಕ್ಕೆ ಹರಳು ಹಿಂಡಿ ಹಾಕಿ ಒಳಗೆ ಬರುವಷ್ಟರಲ್ಲಿ ಕುಂಡ ಬಗೆದು ಮೆದ್ದಿರುತ್ತದೆ. ಎಣ್ಣೆ ತೆಗೆದ ಮೇಲೂ ಹಿಂಡಿಯಲ್ಲಿ ಉಳಿಯುವ ರೈಸಿನ್ ನಾಯಿಯ ಪ್ರಾಣಕ್ಕೇ ಎರವಾಗುತ್ತದೆ. ನಾಯಿ ಇರುವ ಮನೆಗೆ ಎರೆಗೊಬ್ಬರವೇ ಲೇಸು.

ಗಿಡಗಳ ಪರವಾಗಿಯೂ ಎರಡು ಮಾತಾಡಬೇಕು, ಪಾಪ, ಅವಕ್ಕೆ ಬಾಯಿಲ್ಲ. ಕೆಂಚಿಯ ದೃಷ್ಟಿಯಲ್ಲಿ ಮಣ್ಣು ತುಂಬಿದ ಕುಂಡವೆಂದರೆ ತನಗಾಗಿಯೇ ಕಟ್ಟಿಸಿದ ಶೌಚಾಲಯ. ಎದುರುಮನೆಯ ಲ್ಯಾಬ್ರಡಾರ್ ವಾಕಿಂಗಿಗೆ ಹೊರಟಾಗ ಮೊದಲ ಅಭಿಷೇಕ ಕಾರಿಡಾರಿನ ಅರೆಕಾ ಪಾಮಿಗೆ. ಮೂತ್ರದ ಉಪ್ಪಿಗೆ ಅದರ ಎಲೆಯ ತುದಿಗಳೆಲ್ಲ ಸುಟ್ಟಿವೆ. ಕುಂಡದ ಮಣ್ಣಿನ ಮೇಲೆ ದಪ್ಪ ಜಲ್ಲಿಯೋ ಕರಟದ ಚೂರೋ ಹರಡಿದರೆ ಬೆಕ್ಕಿಗೆ ಕೆರೆಯಲು ಬೇಜಾರಾಗುತ್ತದೆ. ಲ್ಯಾಬ್ರಡಾರಿಗೆ ಅಂಥ ಬೇಜಾರೇನೂ ಇಲ್ಲ; ಅರೆಕಾವನ್ನೇ ಸ್ಟೂಲಿನ ಮೇಲೇರಿಸಬೇಕಾಯಿತು. ಒಟ್ಟಿನಲ್ಲಿ ಹಿತ್ತಲಿನಲ್ಲಿ ತಾನಾಗಿಯೇ ಇದ್ದ ಅಂತರವನ್ನು ಫ್ಲ್ಯಾಟಿನಲ್ಲಿ ಮೊಳೆ ಹೊಡೆದು, ಹಗ್ಗ ಕಟ್ಟಿ, ನಾವೇ ಸೃಷ್ಟಿಸಬೇಕು.

ಸೊಪ್ಪಿನ ಚಪಲವನ್ನೂ ಪೂರ್ತಿ ತಡೆಯಲಾಗದು. ಬೆಕ್ಕು, ನಾಯಿ ಆಗಾಗ ಹುಲ್ಲು ಕಚ್ಚುವುದು ಹುಟ್ಟುಗುಣ. ಅದಕ್ಕೆಂದೇ ಬಾಲ್ಕನಿಯಲ್ಲಿ ಒಂದು ಟ್ರೇ ಗರಿಕೆ ಬೆಳೆಸಿದ್ದೇವೆ. ಚೌತಿಯ ಬೆಳಗ್ಗೆ ಗಣಪನಿಗೆ 21 ಗರಿಕೆ ಕೀಳಲು ಹೋದ ನನ್ನ ಹೆಂಡತಿ ಬರಿಗೈಲಿ ವಾಪಸು ಬಂದಳು. ಇದ್ದಬದ್ದ ಗರಿಕೆಯ ತುದಿಯೆಲ್ಲ ಎಂಜಲು. ಗಣಪನಿಗೆ ಮಾರ್ಕೆಟ್ಟಿನಿಂದ ತರಿಸಿದೆವು.

ಇಷ್ಟೆಲ್ಲ ಆದ ಮೇಲೆ ಯಾರಾದರೂ ಮನಿಪ್ಲಾಂಟಿನ ಬಳ್ಳಿ ಕೇಳಿದರೆ, ಹೆಣ್ಣು ಕೊಡುವವರು ಜಾತಕ ಕೇಳುವಂತೆ ಮನೆಯ ಪೂರ್ವಾಪರ ವಿಚಾರಿಸುತ್ತೇನೆ. ಮೊನ್ನೆ ಕೆಳಗಿನ ಮನೆಯ ರಾಯರು ಬಂದಿದ್ದರು.

"ನಾಯಿ, ಬೆಕ್ಕು ಏನಾದ್ರೂ ಸಾಕಿದ್ದೀರಾ ರಾಯರೇ?"

"ಛೇ ಛೇ, ಮಡಿ ಮನೆ ನಮ್ಮದು! ಅಂಬೆಗಾಲಿಡೋ ಮೊಮ್ಮಗ ಇದಾನೆ, ಅಷ್ಟೆ. ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೋತಾನೆ."

ಕತ್ತರಿಸಿಟ್ಟಿದ್ದ ಬಳ್ಳಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ರಾಯರ ಕೈಗೆ ಸ್ಪೈಡರ್ ಪ್ಲಾಂಟಿನ ಮರಿಯೊಂದನ್ನು ಕೊಟ್ಟು ಕಳಿಸಿದೆ.