ಹೆತ್ತವರನ್ನು ಕೂರಿಸಿಡುವ ಕೈಪಿಡಿ

ಊರಿನ ಮನೆಗೆ ಬೀಗ ಹಾಕಿಸಿ ಅಪ್ಪ-ಅಮ್ಮನನ್ನು ಬೆಂಗಳೂರಿಗೆ ಕರೆತಂದಿದ್ದೀರಿ, ಸಂತೋಷ. ಬಳಸುವ ಮುನ್ನ ಇದನ್ನೊಮ್ಮೆ ಪೂರ್ತಿ ಓದಿಕೊಳ್ಳಿ.

ಜೋಡಣೆ: ಟಿ.ವಿ. ಎದುರು ಒಳ್ಳೆಯ ಒರಗುಕುರ್ಚಿ ಹಾಕಿ, ರಿಮೋಟನ್ನು ಕೈಗೇ ಕೊಡಿ. ಬಾವಿ ಸೇದುವುದು, ಚಕ್ಕಳಮಕ್ಕಳ ಹಾಕಿ ಉಣ್ಣುವುದು, ಈಳಿಗೆಮಣೆ ಮುಂದೆ ಕೂತು ಏಳುವುದು, ಇವೆಲ್ಲ ಇನ್ನು ಬಂದ್. ಅಮ್ಮ ಸೊಪ್ಪು ಬಿಡಿಸಲು ನೆಲಕ್ಕೆ ಕೂರಹೊರಟರೆ, "ಅಯ್ಯೋ ಬಿಡಮ್ಮ, ನಾನ್ ಮಾಡ್ತೀನಿ" ಅನ್ನಿ. ಪ್ರೀತಿಯಿಂದಲೇ ಅನ್ನಿ, ಬೈದರೆ ಹಟಕ್ಕೆ ಬಿದ್ದು ಕೆಲಸ ಮಾಡಿಬಿಡುತ್ತಾರೆ.

ಕೆಲಸ ಮಾಡುವ ಬಗೆ: ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕಿಳಿದಾಗ ಅದಕ್ಕೆ ದೊಡ್ಡ ಗಿರಾಕಿ ಮೈಯ ಸ್ನಾಯು, ಅದರಲ್ಲೂ ತೊಡೆಯದು. ಇನ್ಸುಲಿನ್ ಕರೆದಾಗ ಸ್ನಾಯುಕೋಶದೊಳಗಿನ ಗ್ಲೂಟ್-4 ಎಂಬ ಪ್ರೋಟೀನು ಮೇಲೆ ಬಂದು ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಕೂತೇ ಇರುವ ಸ್ನಾಯುವಿಗೆ ಆ ಕರೆ ಸರಿಯಾಗಿ ಕೇಳಿಸದು. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿದು ಹೇಗೋ ಸಂಭಾಳಿಸುತ್ತದೆ. ಹೀಗಾಗಿ ವರ್ಷಗಟ್ಟಲೆ ನಿಮಗೆ "ಶುಗರ್ ನಾರ್ಮಲ್" ಎಂಬ ರಿಪೋರ್ಟೇ ಸಿಗುತ್ತದೆ. ಅಷ್ಟರಲ್ಲಿ ಸ್ನಾಯು ಇನ್ನೂ ಸವೆದಿರುತ್ತದೆ, ಸಕ್ಕರೆಗೆ ಜಾಗ ಇನ್ನೂ ಕಡಿಮೆಯಾಗಿರುತ್ತದೆ. ಒಂದು ಗುಟ್ಟು: ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ಸಕ್ಕರೆ ಎಳೆದುಕೊಳ್ಳಬಲ್ಲದು. ಆದ್ದರಿಂದ ಊಟವಾದ ಮೇಲೆ ಅಪ್ಪ ಅಂಗಳದಲ್ಲಿ ಅಡ್ಡಾಡದಂತೆ ನೋಡಿಕೊಳ್ಳಿ.

ಇನ್ಸುಲಿನ್ನಿನ ಕರೆಗೆ ಹೊಟ್ಟೆಯ ಕೊಬ್ಬೂ ಅಡ್ಡಿ. ಮುಟ್ಟು ನಿಂತ ಮೇಲೆ ಅಮ್ಮನ ಕೊಬ್ಬೂ ಹೊಟ್ಟೆಯ ಕಡೆ ಸರಿಯುತ್ತದೆ. ಅಪ್ಪನದು ಮೊದಲಿಂದಲೂ ಅಲ್ಲೇ. ಸೊಂಟದ ಸುತ್ತಳತೆ ಭಾರತೀಯ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ದಾಟಬಾರದು ಎನ್ನುತ್ತಾರೆ, ಟೇಪನ್ನು ಅಡಗಿಸಿಡಿ. "ಕೈಕಾಲು ಸಣ್ಣಕಿದೆ, ಇವರಿಗೆಲ್ಲಿ ಶುಗರ್ ಬರುತ್ತೆ" ಎಂದು ಸಮಾಧಾನ ಹೇಳಿಕೊಳ್ಳಿ. ಸಣ್ಣ ಕೈಕಾಲು ಎಂದರೆ ಸ್ನಾಯುವೂ ಸಣ್ಣದು ಎಂದು ಯಾರೂ ನೆನಪಿಸದಿರಲಿ.

ಇಂಧನ: ಸಾರಿನ ತಿಳಿಯನ್ನಷ್ಟೇ ಬಡಿಸಿ, ಸ್ನಾಯು ಕಟ್ಟುವ ಬೇಳೆ ತಳದಲ್ಲೇ ಇರಲಿ. ಕಾಳು ವಾಯು, ಮೊಟ್ಟೆ ಉಷ್ಣ ಎಂದುಬಿಡಿ. ನಡುವೆ ಹಸಿವಾದರೆ ಮಾರಿ ಬಿಸ್ಕತ್ತು.

ಬೇಗ ಫಲಿತಾಂಶ ಬೇಕಿದ್ದರೆ: ಒಂದು ಜ್ವರ ಸಾಕು, ಹಾಸಿಗೆಯಿಂದ ಏಳಲು ಬಿಡಬೇಡಿ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆರೋಗ್ಯವಾಗಿದ್ದ ಹಿರಿಯರು ಬರೀ 10 ದಿನ ಮಲಗಿದ್ದಕ್ಕೆ ಕಾಲುಗಳಲ್ಲಿ ಹತ್ತಿರಹತ್ತಿರ ಒಂದು ಕಿಲೋ ಮಾಂಸ ಕಳೆದುಕೊಂಡರು.

ಪರೀಕ್ಷೆ: ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ. 12 ಸೆಕೆಂಡು ಹಿಡಿಯಿತೋ, ಜೋಡಣೆ ಸರಿಯಾಗಿದೆ.

ಎಚ್ಚರಿಕೆ: ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ 90ರ ಆಸುಪಾಸಿನವರಿಂದ 8 ವಾರ ಕಾಲಲ್ಲಿ ಭಾರ ಎತ್ತಿಸಿದರು. 1990ರ ಆ ವರದಿಯ ಪ್ರಕಾರ ಕಾಲಿನ ಬಲ ದುಪ್ಪಟ್ಟನ್ನೂ ಮೀರಿತು, ಇಬ್ಬರು ಊರುಗೋಲು ಬಿಟ್ಟರು. ಇಂಥ ಸುದ್ದಿ ಅಪ್ಪನ ಕಿವಿಗೆ ಬೀಳದಿರಲಿ.

ದೋಷ ನಿವಾರಣೆ: ಅಮ್ಮ ಲಿಫ್ಟ್ ಬಿಟ್ಟು ಮೆಟ್ಟಿಲಿಳಿದು ಗಾಡಿಯವನ ಹತ್ತಿರ ಹೋಗಿ, ಎರಡೂ ಕೈಲಿ ತರಕಾರಿ ಚೀಲ ಹಿಡಿದು ಮೆಟ್ಟಿಲಲ್ಲೇ ಮೇಲೆ ಬರುತ್ತಿದ್ದರೆ ಫೋನಿಗೆ ಆ್ಯಪ್ ಹಾಕಿಕೊಡಿ. "ಅದರಲ್ಲಿ ಕೊತ್ತಂಬರಿ ಬಾಡಿರುತ್ತೆ" ಎಂದು ಮರುದಿನವೂ ಹೊರಟರೆ, ಈ ಮಾದರಿಗೆ ನಮ್ಮಲ್ಲಿ ಸರ್ವಿಸ್ ಇಲ್ಲ.